ಕರುಳಿನ ಉರಿಯೂತಕ್ಕೆ ಸೂಕ್ಷ್ಮಕಣಗಳ ಔಷಧ

ತೂಬಿನಿಂದ ಬಿಟ್ಟ ನೀರೆಲ್ಲವೂ ಕಾಲುವೆಯ ಕೊನೆಯ ತೋಟವನ್ನು ಮುಟ್ಟುವುದಿಲ್ಲ. ಬಹಳಷ್ಟು ದಾರಿಯಲ್ಲಿಯೇ ಇಂಗಿಹೋಗುವುದು. ಸಿ.ಎಸ್. ಪುರದ ರೈತರಿಗೆ ಇದನ್ನು ನಾವು ತಿಳಿಸಬೇಕಾಗಿಲ್ಲ. ನಾವು ನುಂಗುವ ಔಷಧದ ಗತಿಯೂ ಹೆಚ್ಚುಕಡಮೆ ಹೀಗೆಯೇ. ಜಠರದ ಆಮ್ಲವನ್ನು ದಾಟಿ, ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳನ್ನು ಹಾದು ದೊಡ್ಡ ಕರುಳನ್ನು ಸೇರುವುದರೊಳಗೆ ಎಷ್ಟೋ ಔಷಧಗಳು ಕೆಟ್ಟುಹೋಗುವುವು, ಇಲ್ಲವೆ ರಕ್ತದಲ್ಲಿ ಬೆರೆತುಹೋಗುವುವು.

ಇದರ ತೊಂದರೆಯನ್ನು ಬಲ್ಲವರು ಕರುಳಿನ ಉರಿಯೂತದ ರೋಗಿಗಳು. ಈ ರೋಗದಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು: ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್. ದೇಹವನ್ನು ಕಾಯಬೇಕಾದ ರಕ್ಷಕ ಕೋಶಗಳೇ ಇಲ್ಲಿ ಕರುಳಿನ ಒಳಪದರವನ್ನು ಹಾಳುಮಾಡುತ್ತವೆ. ಹೊಟ್ಟೆನೋವು, ರಕ್ತಭೇದಿ, ದೇಹತೂಕ ಇಳಿಯುವುದು ಇದರ ಲಕ್ಷಣಗಳು. ಕರುಳಿಗೂ ಮಿದುಳಿಗೂ ವೇಗಸ್ ಎಂಬ ನರದ ಸಂಪರ್ಕವಿರುವುದು. ಕರುಳು ನೊಂದರೆ ಮನಸ್ಸು ಕುಗ್ಗುವುದು, ಮನಸ್ಸು ನೊಂದರೆ ಕರುಳು ಕೆರಳುವುದು.

ಔಷಧವನ್ನು ಅತಿ ಸಣ್ಣ ಕಣಗಳನ್ನಾಗಿ ಮಾಡಿದರೆ ಏನು ಲಾಭ? 1 ಸೆಂಟಿಮೀಟರ್ ಬದಿಯ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 100 ನ್ಯಾನೊಮೀಟರ್ ಬದಿಯ ಘನಗಳನ್ನಾಗಿ ಕತ್ತರಿಸಿದೆವೆನ್ನೋಣ; ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಆಗ ಒಟ್ಟು ಮೇಲ್ಮೈ 60 ಚದರ ಮೀಟರ್, ಅಂದರೆ 20×30 ಅಡಿಯ ನಿವೇಶನಕ್ಕಿಂತಲೂ ತುಸು ಹೆಚ್ಚು! ಮೇಲ್ಮೈ ಹೆಚ್ಚಿದಷ್ಟೂ ಕರುಳಿನೊಡನೆ ಸಂಪರ್ಕ ಹೆಚ್ಚುವುದು. ಜರ್ಮನಿಯ ಲಾಂಪ್ರೆಕ್ಟ್ ಮತ್ತು ಸಂಗಡಿಗರು 10,000, 1,000 ಮತ್ತು 100 ನ್ಯಾನೊಮೀಟರ್ ಗಾತ್ರದ ಕಣಗಳನ್ನು ಇಲಿಗಳಲ್ಲಿ ಪರೀಕ್ಷಿಸಿ, ಉರಿಯೂತವಿದ್ದ ಕಡೆ ಅತಿ ಸಣ್ಣ ಕಣಗಳೇ ಹೆಚ್ಚಾಗಿ ಅಂಟಿಕೊಂಡುದನ್ನು 2001ರಲ್ಲಿ ಪ್ರಕಟಿಸಿದರು. ಜಠರದ ಆಮ್ಲದಲ್ಲಿ ಕರಗದೆ, ಕರುಳಿನ ಕೆಳಭಾಗದಲ್ಲಿ ಮಾತ್ರ ಕರಗುವ ಹೊದಿಕೆಯನ್ನು ಕಣಗಳಿಗೆ ಕೊಟ್ಟರೆ ದಾರಿಯ ನಷ್ಟವೂ ತಗ್ಗುವುದು.

ಕೆಲವು ಕಣಗಳು ತಾವೇ ಔಷಧದ ಕೆಲಸ ಮಾಡಬಲ್ಲವು. ಉರಿಯೂತವಿದ್ದಲ್ಲಿ ಹೈಡ್ರೊಜನ್ ಪೆರಾಕ್ಸೈಡಿನಂಥ ವಸ್ತುಗಳು ಮಿತಿಮೀರಿ ಹುಟ್ಟಿ ಕೋಶಗಳನ್ನು ಕೆಡಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮುಗೇಶ್ ಮತ್ತು ಸಂಗಡಿಗರು, ವೆನೇಡಿಯಮ್ ಆಕ್ಸೈಡಿನ ನ್ಯಾನೊ ತಂತಿಗಳು ಕಿಣ್ವದಂತೆ ವರ್ತಿಸಿ ಅದನ್ನು ನೀರನ್ನಾಗಿ ಮಾರ್ಪಡಿಸುವುದನ್ನು 2014ರಲ್ಲಿ ತೋರಿಸಿದರು. ಆ ಪ್ರಯೋಗ ನಡೆದುದು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ, ರೋಗಿಗಳಲ್ಲಲ್ಲ.

ಇಲ್ಲಿ ಎಚ್ಚರಿಕೆ ಅಗತ್ಯ. ಕರುಳಿನ ಉರಿಯೂತಕ್ಕೆಂದು ರೂಪಿಸಿದ ನ್ಯಾನೊ ಔಷಧಗಳಲ್ಲಿ ಬಹುಪಾಲು ಇನ್ನೂ ಪ್ರಾಣಿಗಳ ಮೇಲಣ ಪ್ರಯೋಗದ ಹಂತದಲ್ಲಿವೆ. ಇಲಿಗೆ ಹಿಡಿಸಿದುದು ಮನುಷ್ಯನಿಗೂ ಹಿಡಿಸೀತೆಂಬ ಭರವಸೆಯಿಲ್ಲ. ಕಣಗಳು ದೇಹದಲ್ಲಿಯೇ ಉಳಿದುಬಿಟ್ಟರೇನೆಂಬ ಪ್ರಶ್ನೆಗೂ ಉತ್ತರ ಬೇಕು. ಅವುಗಳ ನಿರೀಕ್ಷೆಯಲ್ಲಿ ಇಂದಿನ ಔಷಧವನ್ನು ಬಿಡುವುದು ಅಪಾಯಕರ. ಈ ರೋಗವು ಹರೆಯದಲ್ಲಿಯೇ ಹೆಚ್ಚಾಗಿ ತಲೆದೋರುವುದು. ಭೇದಿಯಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದೋ ಉಷ್ಣವೆಂದೋ ಸಂಕೋಚದಿಂದ ಮುಚ್ಚಿಡದೆ ಒಡನೆಯೇ ವೈದ್ಯರನ್ನು ಕಾಣತಕ್ಕದ್ದು. ಔಷಧ ಎಷ್ಟೇ ಸೂಕ್ಷ್ಮವಾಗಿದ್ದರೂ ಹೇಳಿಕೊಳ್ಳದ ರೋಗವನ್ನು ಅದು ಮುಟ್ಟಲಾರದು.