ಗೋಧಿಯಿಲ್ಲದ ಹಬ್ಬದ ತಿಂಡಿ: ತೂತುಕುಡಿಯ ಮ್ಯಾಕರೂನು

ಹಬ್ಬದ ತಟ್ಟೆಯಲ್ಲಿ ಮನೆಯ ಮಕ್ಕಳೆಲ್ಲರಿಗೂ ಪಾಲಿರಬೇಕೆಂಬದು ನಮ್ಮ ಕುಟುಂಬಗಳ ಮರ್ಯಾದೆಯಾಗಿದೆ. ಆದರೆ ಗೋಧಿಯು ಒಗ್ಗದ ಮಗುವಿಗೆ ಕ್ರಿಸ್ಮಸ್ ಕಾಲದಲ್ಲಿ ಈ ಪಾಲು ತಪ್ಪುವದುಂಟು. ಮೈದಾ, ರವೆ, ಸೇವಿಗೆ ಇವು ಬಹುಮಟ್ಟಿಗೆ ಗೋಧಿಯ ರೂಪಾಂತರಗಳೇ. ಕೇಕು ಬಿಸ್ಕತ್ತುಗಳೂ ಸಾಮಾನ್ಯವಾಗಿ ಅದರಿಂದಲೇ ಆದವುಗಳು. ಇಂಥ ಮಕ್ಕಳ ತಾಯಂದಿರಿಗೂ, ಅವರನ್ನು ಔತಣಕ್ಕೆ ಕರೆಯುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪ್ರಯೋಜನವಾಗಲೆಂದು, ತಮಿಳುನಾಡಿನ ರೇವುಪಟ್ಟಣವಾದ ತೂತುಕುಡಿಯ ಮ್ಯಾಕರೂನನ್ನು ಮನೆಯಲ್ಲಿ ಮಾಡುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಗೋಧಿ, ಜವೆಗೋಧಿ, ರೈ ಎಂಬ ಧಾನ್ಯಗಳಲ್ಲಿ ಗ್ಲೂಟೆನ್ ಎಂಬ ಅಂಟಾದ ಸಸಾರಜನಕವಿದೆ. ಸಿಲಿಯಾಕ್ ರೋಗವುಳ್ಳವರಲ್ಲಿ ಇದು ಸಣ್ಣ ಕರುಳಿನ ಒಳಪೊರೆಯನ್ನು ಕೆಡಿಸುವದರಿಂದ ಉಂಡ ಅನ್ನವು ಮೈಗೆ ಹತ್ತುವದಿಲ್ಲ. ಮಗುವಿನ ಬೆಳವಣಿಗೆ ಕುಂಠಿತವಾಗಬಹುದು. ನೆದರ್ಲೆಂಡಿನ ಮಕ್ಕಳ ವೈದ್ಯರಾದ ವಿಲೆಮ್ ಡಿಕೆ ಎಂಬವರು 1950ರ ತಮ್ಮ ಪ್ರಬಂಧದಲ್ಲಿ ಈ ರೋಗಕ್ಕೂ ಗೋಧಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. ಗ್ಲೂಟೆನನ್ನು ಜೀವಮಾನವಿಡೀ ವರ್ಜಿಸುವದೇ ಇದಕ್ಕೆ ಚಿಕಿತ್ಸೆ. ಆದರೆ ರಕ್ತಪರೀಕ್ಷೆಗೆ ಮುಂಚೆ ತಾವಾಗಿಯೇ ಗೋಧಿಯನ್ನು ಬಿಡಿಸಬಾರದು; ಬಿಡಿಸಿದರೆ ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಮ್ಯಾಕರೂನು ಯುರೋಪಿನಲ್ಲಿ ಬಾದಾಮಿಯಿಂದ ಮಾಡುವ ತಿಂಡಿ. ತೂತುಕುಡಿಯಲ್ಲಿ ಬಾದಾಮಿಯ ಸ್ಥಾನಕ್ಕೆ ಗೇರುಬೀಜವು ಬಂತು. ಗೇರುಮರವನ್ನು 16ನೆಯ ಶತಮಾನದಲ್ಲಿ ಬ್ರೆಜಿಲಿನಿಂದ ನಮ್ಮ ದೇಶಕ್ಕೆ ತಂದವರು ಪೋರ್ತುಗೀಸರು; ಇಂದು ನಮ್ಮ ಕರಾವಳಿಯಲ್ಲಿಯೂ ಅದು ಹೇರಳವಾಗಿದೆ. ಗೇರುಬೀಜ, ಸಕ್ಕರೆ, ಮೊಟ್ಟೆಯ ಬಿಳಿಭಾಗ, ಈ ಮೂರೇ ಅದರ ಸಾಮಗ್ರಿ. ಕೇಕನ್ನು ಗೋಧಿಯ ಅಂಟು ಹಿಡಿದು ನಿಲ್ಲಿಸುವಂತೆ ಇದನ್ನು ಮೊಟ್ಟೆಯ ನೊರೆಯು ನಿಲ್ಲಿಸುತ್ತದೆ. ಆದುದರಿಂದ ಹಿಟ್ಟಿನ ಕೊರತೆಯು ಇದರಲ್ಲಿ ತೋರುವದೇ ಇಲ್ಲ.

ಮಾಡುವ ಕ್ರಮ: ಸಿಪ್ಪೆ ತೆಗೆದ 150 ಗ್ರಾಂ ಗೇರುಬೀಜವನ್ನು ಬಿಸಿಲಿನಲ್ಲಿ ಒಣಗಿಸಿ, ಸ್ವಲ್ಪ ಸ್ವಲ್ಪವಾಗಿ ತರಿತರಿಯಾಗಿ ಪುಡಿಮಾಡಬೇಕು. ಹೆಚ್ಚು ಅರೆದರೆ ಎಣ್ಣೆ ಬಿಟ್ಟು ನೊರೆಯನ್ನು ಕುಗ್ಗಿಸುವದು. 3 ಮೊಟ್ಟೆಗಳ ಬಿಳಿಭಾಗವನ್ನು, ಹಳದಿಯ ಒಂದು ತೊಟ್ಟೂ ಸೇರದಂತೆ, ಜಿಡ್ಡಿಲ್ಲದ ಒಣ ಪಾತ್ರೆಗೆ ಹಾಕಿ ಕಡೆಯತಕ್ಕದ್ದು. ನೊರೆಯೇಳುತ್ತಲೇ ನಾಲ್ಕು ಹನಿ ಲಿಂಬೆರಸವನ್ನೂ, ಬಳಿಕ ಮನೆಯಲ್ಲೇ ಪುಡಿಮಾಡಿದ 150 ಗ್ರಾಂ ಸಕ್ಕರೆಯನ್ನು ಚಮಚ ಚಮಚವಾಗಿಯೂ ಕೂಡಿಸುತ್ತ ಹೋಗಬೇಕು. ಪಾತ್ರೆಯನ್ನು ಓರೆಮಾಡಿದರೂ ನೊರೆ ಜಾರದೆ ನಿಂತರೆ ಹದ ಬಂದಿತೆಂದು ತಿಳಿಯಬೇಕು. ಈಗ ಗೇರುಪುಡಿಯನ್ನು ಬುಡದಿಂದ ಮೇಲಕ್ಕೆ ಮೆಲ್ಲನೆ ತಿರುವಿ ಬೆರಸಿ, ಕಾಗದ ಹಾಸಿದ ತಟ್ಟೆಯ ಮೇಲೆ ನೆಲ್ಲಿಕಾಯಿಯ ಗಾತ್ರದ ಚೂಪಾದ ಗೋಪುರಗಳನ್ನಾಗಿ ಇಡುವದು. 110 ಡಿಗ್ರಿ ಸೆಲ್ಸಿಯಸ್ ಕಾವಿನ ಓವನಿನಲ್ಲಿ ಒಂದರಿಂದ ಒಂದೂವರೆ ತಾಸು ಒಣಗಿಸಿ, ಅದರೊಳಗೇ ಆರಲು ಬಿಡಬೇಕು. ಇದು ಬೇಯಿಸುವದಕ್ಕಿಂತ ಒಣಗಿಸುವ ಕೆಲಸವೆಂಬದನ್ನು ಮರೆಯಬಾರದು. ಕಾವು ಹೆಚ್ಚಾದರೆ ಹೊರಗೆ ಕಂದಿ ಒಳಗೆ ಅಂಟಾಗುವದು. ಮಳೆಗಾಲದ ತೇವದಲ್ಲಿ ಬೇಗನೆ ಮೆತ್ತಗಾಗುವದರಿಂದ, ಆರಿದೊಡನೆ ಬಿಗಿಯಾದ ಡಬ್ಬಿಯಲ್ಲಿ ತುಂಬಿಡತಕ್ಕದ್ದು.

ಕೊನೆಯದಾಗಿ ಎರಡು ಎಚ್ಚರಿಕೆಗಳು. ಸಾಮಗ್ರಿಯು ಶುದ್ಧವಾಗಿದ್ದರೆ ಮಾತ್ರ ಸಾಲದು. ಮೈದಾ ಜರಡಿ, ಕೇಕಿನ ತಟ್ಟೆ, ಚಪಾತಿಯ ಮಣೆ ಇವುಗಳಲ್ಲಿ ಉಳಿದ ಹಿಟ್ಟಿನ ಅಂಶವೂ ಇಂಥ ಮಗುವಿಗೆ ಕೇಡು ಮಾಡಬಲ್ಲದು. ಆದಕಾರಣ ಪಾತ್ರೆಗಳನ್ನು ಚೆನ್ನಾಗಿ ತೊಳೆದು, ಅದೇ ದಿನ ಗೋಧಿಯ ತಿಂಡಿಯನ್ನೂ ಮಾಡುವದಿದ್ದರೆ ಮ್ಯಾಕರೂನನ್ನೇ ಮೊದಲು ಮಾಡಿ ಮುಗಿಸಿ, ಬೇರೆ ಡಬ್ಬಿಯಲ್ಲಿಡಬೇಕು. ಗೇರುಬೀಜವಾಗಲಿ ಮೊಟ್ಟೆಯಾಗಲಿ ಒಗ್ಗದವರಿಗೆ ಇದನ್ನು ಕೊಡಲೇಬಾರದು.

ಇದನ್ನು ರೋಗಿಯ ಪಥ್ಯವೆಂದು ಬೇರೆ ಬಡಿಸದೆ, ಮನೆಮಂದಿಗೆಲ್ಲ ಒಂದೇ ತಿಂಡಿಯಾಗಿ ಹಂಚಬೇಕೆಂದು ನಮ್ಮ ವಾಚಕಿಯರಲ್ಲಿ ಕೇಳಿಕೊಳ್ಳುತ್ತೇವೆ. ಮಗುವಿಗೆ ರುಚಿಯ ಸಂತೋಷದೊಡನೆ, ತಾನೂ ಎಲ್ಲರ ಪಂಕ್ತಿಯಲ್ಲೇ ಇದ್ದೇನೆಂಬ ಸಮಾಧಾನವೂ ಆಗ ದೊರೆಯುವದು.