ಕೈಗುಣ ಅಳೆಯುವ ನಾಲ್ಕು ವಾರಗಳು

ಪ್ರತಿವರ್ಷ ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ ಅಮೆರಿಕದ ವೈದ್ಯಕೀಯ ಕಾಲೇಜುಗಳಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ಒಂದೊಂದು ಲಕೋಟೆ ಒಡೆಯುತ್ತಾರೆ. ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡವರು ಮುಂದಿನ ಐದು ವರ್ಷ, ನರ ಶಸ್ತ್ರಚಿಕಿತ್ಸೆಯಾದರೆ ಏಳು ವರ್ಷ, ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ತರಬೇತಿ ಪಡೆಯಬೇಕೆಂಬುದನ್ನು ಅದರೊಳಗಿನ ಒಂದು ಸಾಲು ಹೇಳುತ್ತದೆ. 1952ರಿಂದ ನಡೆದುಬಂದಿರುವ ಈ ವ್ಯವಸ್ಥೆಗೆ ‘ಮ್ಯಾಚ್’ ಎಂದು ಹೆಸರು.

ಮೇಲ್ನೋಟಕ್ಕೆ ಇದು ಗಣಿತದ ಕೆಲಸ. ವಿದ್ಯಾರ್ಥಿಗಳು ತಮಗೆ ಬೇಕಾದ ಆಸ್ಪತ್ರೆಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದುಕೊಡುತ್ತಾರೆ. ಆಸ್ಪತ್ರೆಗಳೂ ತಮಗೆ ಬೇಕಾದ ಅಭ್ಯರ್ಥಿಗಳ ಪಟ್ಟಿ ಕೊಡುತ್ತವೆ. ಎರಡನ್ನೂ ಹೊಂದಿಸುವುದು ಕಂಪ್ಯೂಟರು. ಅದರ ಸೂತ್ರವನ್ನು 1990ರ ದಶಕದಲ್ಲಿ ಪರಿಷ್ಕರಿಸಿದ ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್, 2012ರಲ್ಲಿ ಲಾಯ್ಡ್ ಶಾಪ್ಲಿಯವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಆದರೆ ಸೂತ್ರ ಮಾಡುವುದು ಪಟ್ಟಿಗಳನ್ನು ಹೊಂದಿಸುವ ಕೆಲಸವನ್ನಷ್ಟೇ. ಪಟ್ಟಿಯಲ್ಲಿ ಯಾರ ಹೆಸರು ಮೇಲಿರಬೇಕೆಂಬುದು ಎಷ್ಟೋ ಬಾರಿ ತಿಂಗಳುಗಳ ಮುಂಚೆಯೇ, ವಾರ್ಡು ಮತ್ತು ಆಪರೇಷನ್ ಥಿಯೇಟರುಗಳಲ್ಲಿ ತೀರ್ಮಾನವಾಗಿರುತ್ತದೆ.

ಅಲ್ಲಿನ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ತಮ್ಮ ಕಾಲೇಜು ಬಿಟ್ಟು ಬೇರೊಂದು ಊರಿನ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ದುಡಿಯುತ್ತಾರೆ. ಬೆಳಕು ಹರಿಯುವ ಮುನ್ನ ರೌಂಡ್ಸ್, ದಿನವಿಡೀ ಥಿಯೇಟರು, ಕೆಲವೊಮ್ಮೆ ರಾತ್ರಿಪಾಳಿ. ಹೆಸರಿಗೆ ಇದು ಕಲಿಕೆ; ವಾಸ್ತವದಲ್ಲಿ ಒಂದು ತಿಂಗಳ ದೀರ್ಘ ಸಂದರ್ಶನ. ಮೂಳೆ, ನರ, ಕಿವಿ-ಮೂಗು-ಗಂಟಲು, ಪ್ಲಾಸ್ಟಿಕ್ ಸರ್ಜರಿಯಂತಹ ಪೈಪೋಟಿ ಹೆಚ್ಚಿರುವ ವಿಭಾಗಗಳಲ್ಲಿ ಎರಡು ಮೂರು ಕಡೆ ಹೀಗೆ ಹೋಗಿಬರುವುದು ಅಲಿಖಿತ ನಿಯಮವೇ ಆಗಿದೆ. ಹೀಗೆ ದುಡಿದ ಆಸ್ಪತ್ರೆಗಳಲ್ಲಿ ಒಂದರಲ್ಲಿಯೋ, ಓದಿದ ಕಾಲೇಜಿನಲ್ಲಿಯೋ ಸ್ಥಾನ ಪಡೆಯುವವರು ಈ ವಿಭಾಗಗಳಲ್ಲಿ ಗಣನೀಯ ಸಂಖ್ಯೆಯಲ್ಲಿದ್ದಾರೆ.

ಇದರಲ್ಲಿ ಅಚ್ಚರಿಯೇನಿಲ್ಲ. ಅಂಕಪಟ್ಟಿಯಲ್ಲಿ ಕಾಣದ ಸಂಗತಿಗಳು ಒಂದು ತಿಂಗಳಲ್ಲಿ ಕಾಣುತ್ತವೆ. ಹನ್ನೆರಡು ಗಂಟೆ ನಿಂತ ಬಳಿಕ ಹೊಲಿಗೆ ಹಾಕುವ ಕೈ ನಡುಗುತ್ತದೆಯೇ? ತಪ್ಪನ್ನು ತಿದ್ದಿದಾಗ ಮುಖ ಗಂಟಿಕ್ಕುತ್ತದೆಯೇ? ನೋವಿನಲ್ಲಿರುವ ರೋಗಿಯ ಮಂಚದ ಬಳಿ ಒಂದು ನಿಮಿಷ ಹೆಚ್ಚು ನಿಲ್ಲುವ ವ್ಯವಧಾನವಿದೆಯೇ? ನಮ್ಮ ಹಿರಿಯರು ‘ಕೈಗುಣ’ ಎಂದು ಕರೆದದ್ದರ ಬಹುಭಾಗ ಇಂಥವೇ. ಪರೀಕ್ಷೆ ಎರಡೂ ಕಡೆಗಿದೆ ಎಂಬುದೂ ಮುಖ್ಯ. ಹಿರಿಯರು ಕಿರಿಯರನ್ನು ಹೀಯಾಳಿಸುವ ಆಸ್ಪತ್ರೆಯನ್ನು ವಿದ್ಯಾರ್ಥಿಗಳು ತಮ್ಮ ಪಟ್ಟಿಯಲ್ಲಿ ಕೆಳಗಿಳಿಸುತ್ತಾರೆ. ಒಂದು ಕೆಟ್ಟ ತಿಂಗಳು ವಿದ್ಯಾರ್ಥಿಯ ಪಾಲಿಗೂ ಬಾಗಿಲು ಮುಚ್ಚಬಲ್ಲದು.

ಈ ತಿರುಗಾಟದ ತೂಕವೆಷ್ಟೆಂಬುದು ಕೊರೊನಾ ಕಾಲದಲ್ಲಿ ಬಯಲಾಯಿತು. 2020ರ ಮೇ ತಿಂಗಳಿನಲ್ಲಿ ಅಲ್ಲಿನ ವೈದ್ಯಶಿಕ್ಷಣ ಸಂಸ್ಥೆಗಳ ಜಂಟಿ ವೇದಿಕೆಯು ಬೇರೆ ಆಸ್ಪತ್ರೆಗಳಿಗೆ ಹೋಗುವುದು ಬೇಡವೆಂದಿತು. ಸ್ವಂತ ಕಾಲೇಜಿನಲ್ಲಿ ಆ ವಿಭಾಗವೇ ಇಲ್ಲದಂತಹವರಿಗೆ ವಿನಾಯಿತಿಯಿತ್ತು. ಸಂದರ್ಶನಗಳೂ ಆನ್‌ಲೈನ್ ಆದವು. ಪರಿಣಾಮವಾಗಿ 2021ರ ಮ್ಯಾಚ್‌ನಲ್ಲಿ ಹಲವು ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ಓದಿದ ಕಾಲೇಜಿನಲ್ಲಿಯೇ ಉಳಿದವರ ಪ್ರಮಾಣ ಏರಿತು. ಅಪರಿಚಿತರನ್ನು ನೋಡುವ ದಾರಿ ಮುಚ್ಚಿದಾಗ ಆಸ್ಪತ್ರೆಗಳು ಪರಿಚಿತರನ್ನೇ ನೆಚ್ಚಿಕೊಂಡವು. ಮುಂದೆ 2022ರ ಜನವರಿಯಿಂದ ಅಲ್ಲಿನ ವೈದ್ಯ ಪರವಾನಗಿಯ ಮೊದಲ ಹಂತದ ಪರೀಕ್ಷೆಯಲ್ಲಿ ಅಂಕ ಕೊಡುವುದನ್ನು ಕೈಬಿಟ್ಟು, ಉತ್ತೀರ್ಣ-ಅನುತ್ತೀರ್ಣ ಎಂದಷ್ಟೇ ಘೋಷಿಸಲಾಗುತ್ತಿದೆ. ಅಳತೆಗೋಲೊಂದು ಕಡಿಮೆಯಾದ ಮೇಲೆ ಕಣ್ಣಾರೆ ಕಂಡದ್ದರ ಬೆಲೆ ಸಹಜವಾಗಿಯೇ ಹೆಚ್ಚುತ್ತದೆ.

ಆದರೆ ಕಣ್ಣಿಗೆ ಬೀಳಲು ಹಣ ಬೇಕು. ಪ್ರಯಾಣ, ಬಾಡಿಗೆ, ಊಟ, ಅರ್ಜಿ ಶುಲ್ಕ ಎಲ್ಲವೂ ವಿದ್ಯಾರ್ಥಿಯದೇ, ದುಡಿಮೆಗೆ ಸಂಬಳವಿಲ್ಲ. ಮೊದಲೇ ಸಾಲದಲ್ಲಿರುವವರು ಎರಡು ಊರು ಸುತ್ತುವುದು ಹೇಗೆ? ಕೆಲವು ಆಸ್ಪತ್ರೆಗಳು ಹಿಂದುಳಿದ ಹಿನ್ನೆಲೆಯವರಿಗೆ ವಿದ್ಯಾರ್ಥಿವೇತನ ಕೊಡುತ್ತಿವೆಯಾದರೂ ಅದು ಎಲ್ಲರಿಗೂ ಎಟುಕದು. ಅಲ್ಲಿಗೆ ಹೋಗಬಯಸುವ ನಮ್ಮ ಎಂಬಿಬಿಎಸ್ ವಿದ್ಯಾರ್ಥಿಗಳಿಗೂ ಈ ಬಿಸಿ ತಟ್ಟುತ್ತದೆ. ಪದವಿ ಮುಗಿಸಿ ಹೋದವರು ಬಹುತೇಕ ಕಡೆ ರೋಗಿಯನ್ನು ಮುಟ್ಟುವಂತಿಲ್ಲ, ನೋಡುಗರಾಗಿ ನಿಲ್ಲಬಹುದಷ್ಟೇ. ಓದುತ್ತಿರುವಾಗಲೇ ಡಾಲರಿನಲ್ಲಿ ಖರ್ಚು ಮಾಡಿ ಹೋಗಿಬರಬಲ್ಲ ಮನೆಗಳೆಷ್ಟು?

ನಮ್ಮಲ್ಲಿ ಇದರ ತದ್ವಿರುದ್ಧ ಸ್ಥಿತಿ. ಯಾರು ಶಸ್ತ್ರಚಿಕಿತ್ಸಕರಾಗಬೇಕು, ಎಲ್ಲಿ ಕಲಿಯಬೇಕು ಎಂಬುದನ್ನು ನೀಟ್-ಪಿಜಿ ರ‍್ಯಾಂಕು, ಮೀಸಲಾತಿ ಮತ್ತು ಕೌನ್ಸೆಲಿಂಗ್ ನಿರ್ಧರಿಸುತ್ತವೆ. ಖಾಸಗಿ ಸೀಟಾದರೆ ಶುಲ್ಕ ತೆರುವ ಶಕ್ತಿಯೂ ಸೇರಿಕೊಳ್ಳುತ್ತದೆ. ಅಭ್ಯರ್ಥಿಯ ಕೈಯನ್ನು ಯಾರೂ ನೋಡುವುದಿಲ್ಲ. ಅಭ್ಯರ್ಥಿಯೂ ತಾನು ಸೇರಲಿರುವ ವಿಭಾಗವನ್ನು ನೋಡಿರುವುದಿಲ್ಲ. ವಾರ್ಡಿನಲ್ಲಿ ಕಲಿಯಬೇಕಾದ ಹೌಸ್ ಸರ್ಜನ್ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಮುಳುಗಿರುವುದು ಇದೇ ಕಾರಣಕ್ಕೆ.

ಹಾಗೆಂದು ಅಮೆರಿಕದ ಪದ್ಧತಿಯನ್ನು ಹಾಗೆಯೇ ತಂದುಕೊಳ್ಳುವುದು ಅಪಾಯಕಾರಿ. ಕ್ಯಾಪಿಟೇಶನ್ ಹಾವಳಿ ತಡೆಯಲು 1984ರಲ್ಲಿ ಕಾನೂನನ್ನೇ ಮಾಡಬೇಕಾಗಿ ಬಂದ ರಾಜ್ಯ ನಮ್ಮದು. 1990ರ ದಶಕದಲ್ಲಿ ಸಿಇಟಿ ಬಂದ ಮೇಲೆ ಹಳ್ಳಿಯ ಬಡ ಮಕ್ಕಳು ಯಾರ ಶಿಫಾರಸೂ ಇಲ್ಲದೆ ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತುವಂತಾಯಿತು. ‘ಹತ್ತಿರದಿಂದ ನೋಡಿ ಆರಿಸುತ್ತೇವೆ’ ಎಂಬ ಮಾತು ಇಲ್ಲಿ ಜಾತಿ, ಹಣ, ವಶೀಲಿಗಳ ಹಿಂಬಾಗಿಲಾಗಲು ಹೆಚ್ಚು ದಿನ ಬೇಕಾಗದು. ಕುರುಡು ರ‍್ಯಾಂಕಿಗೆ ಮುಖ ನೋಡದ ನ್ಯಾಯವೂ ಇದೆ.

ಹಾಗಾದರೆ ನಾವು ತೆಗೆದುಕೊಳ್ಳಬಹುದಾದದ್ದು ಆ ತಿರುಗಾಟದ ಅರ್ಧವನ್ನು ಮಾತ್ರ: ಆಸ್ಪತ್ರೆಯು ವಿದ್ಯಾರ್ಥಿಯನ್ನು ಅಳೆಯುವುದನ್ನಲ್ಲ, ವಿದ್ಯಾರ್ಥಿಯು ವೃತ್ತಿಯನ್ನು ಅಳೆದು ನೋಡುವುದನ್ನು. 2019ರ ಪಠ್ಯಕ್ರಮ ಎಂಬಿಬಿಎಸ್‌ನಲ್ಲಿ ಐಚ್ಛಿಕ ತರಬೇತಿಗೆ ಅವಕಾಶ ಕೊಟ್ಟಿದೆ. ಇದನ್ನು ಹಾಜರಿ ತುಂಬಿಸುವ ಶಾಸ್ತ್ರವಾಗಿಸದೆ, ಶಸ್ತ್ರಚಿಕಿತ್ಸೆಯಲ್ಲಿ ಆಸಕ್ತಿಯುಳ್ಳವರನ್ನು ನಾಲ್ಕು ವಾರ ಬೇರೆ ಕಾಲೇಜಿಗೋ ಜಿಲ್ಲಾ ಆಸ್ಪತ್ರೆಗೋ ಕಳುಹಿಸಬಹುದು. ವಸತಿ ಮತ್ತು ಪ್ರಯಾಣದ ವೆಚ್ಚವನ್ನು ಸರ್ಕಾರ ಭರಿಸಬಹುದು. ಆಯ್ಕೆಗೆ ರ‍್ಯಾಂಕೇ ಇರಲಿ. ಆದರೆ ಕೌನ್ಸೆಲಿಂಗ್ ಪರದೆಯ ಮುಂದೆ ಕುಳಿತಾಗ, ಕಾಲೇಜಿನ ಹೆಸರಿನ ಹಿಂದಿನ ಥಿಯೇಟರನ್ನೂ ಅಲ್ಲಿ ಕಲಿಸುವವರನ್ನೂ ಒಮ್ಮೆ ಕಂಡಿದ್ದವರು ಹೆಚ್ಚು ವಿವೇಕದಿಂದ ಆರಿಸಿಯಾರು. ತನಗೆ ಒಗ್ಗದ ವೃತ್ತಿಯನ್ನು ರ‍್ಯಾಂಕು ಸಿಕ್ಕಿತೆಂಬ ಒಂದೇ ಕಾರಣಕ್ಕೆ ಹಿಡಿದವರ ಬೆಲೆ ತೆರುವುದು ಕೊನೆಗೆ ಮೇಜಿನ ಮೇಲೆ ಪ್ರಜ್ಞೆ ತಪ್ಪಿ ಮಲಗಿರುವ ರೋಗಿಯೇ. ಆ ರೋಗಿಗೆ ಆಯ್ಕೆಯ ಅವಕಾಶವೂ ಇರುವುದಿಲ್ಲ.