ಪರಲಿಪಿಗಳಲ್ಲಿ ನಮ್ಮ ಊರ ಹೆಸರುಗಳು

ಹೊಸಪೇಟೆಯ ಸಮೀಪದಲ್ಲಿರುವ ಬುಕ್ಕಸಾಗರದ ಹೆಸರನ್ನು ರೋಮನ್ ಲಿಪಿಯಲ್ಲಿ ಸಾಮಾನ್ಯ ರೀತಿಯಿಂದ ಬರೆದರೆ 'ಸಾ' ಎಂಬ ದೀರ್ಘಾಕ್ಷರವು ಲೋಪವಾಗುತ್ತದೆ. ರಷ್ಯನ್ ಲಿಪಿಯಲ್ಲಿಯೂ ಹಾಗೆಯೇ. ಆ ಬರಹವನ್ನು ಮಾತ್ರ ಕಂಡವನು 'ಬುಕ್ಕಸಗರ' ಎಂದು ಓದಿ, ಸಗರ ಚಕ್ರವರ್ತಿಯನ್ನು ಸ್ಮರಿಸಿದರೆ ಆಶ್ಚರ್ಯವಿಲ್ಲ. ಅಲ್ಪವೆಂದು ತೋರುವ ಇಂತಹ ಸಂಗತಿಯು ಇತಿಹಾಸದ ವಿದ್ಯಾರ್ಥಿಗೆ ಅಲ್ಪವಲ್ಲವೆಂಬುದನ್ನು ನಾವು ಇಲ್ಲಿ ತೋರಿಸಬಯಸುತ್ತೇವೆ.

ಬುಕ್ಕಸಾಗರದ ನೆರೆಯ ರಾಜಧಾನಿಯಾದ ವಿಜಯನಗರವನ್ನೇ ನೋಡೋಣ. ಇಟಲಿಯ ನಿಕೊಲೊ ಕೊಂತಿಯ ವೃತ್ತಾಂತದಲ್ಲಿ ಇದು 'ಬಿಜೆನೆಗಾಲಿಯ'. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನಲ್ಲಿ 'ಬಿಜಾನಗರ್'. 1520ರ ಸುಮಾರಿಗೆ ಬಂದ ಪೋರ್ತುಗೀಜ ಪಾಯೆಸನಲ್ಲಿ 'ಬಿಸ್ನಗ'. 1470ರ ಸುಮಾರಿಗೆ ಬೀದರಿನಲ್ಲಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನನು 'ಬಿಚಿನೆಗೆರ್' ಎಂಬಂತೆ ಬರೆದಿದ್ದಾನೆ. ಇವು ನಾಲ್ಕು ಊರುಗಳೆಂದು ಭಾವಿಸುವ ಅಪಾಯವು ಹೊಸ ವಿದ್ಯಾರ್ಥಿಗೆ ಸದಾ ಉಂಟು.

ಇವು ಬರಿಯ ತಪ್ಪುಗಳೆಂದು ತಳ್ಳಿಹಾಕುವುದು ಸರಿಯಲ್ಲ. ವಕಾರವು ಬಕಾರವಾಗುವುದು ನಮಗೆ ಅಪರಿಚಿತವೇ? 'ವನ'ವು 'ಬನ'ವಾದುದನ್ನು ನಮ್ಮ ವ್ಯಾಕರಣವೇ ಕಲಿಸುತ್ತದೆ. ರಷ್ಯನ್ ಲಿಪಿಯಲ್ಲಿ ನಮ್ಮ ಜಕಾರಕ್ಕೆ ಒಂಟಿ ಅಕ್ಷರವಿಲ್ಲ. ಇಂದು ಎರಡು ಅಕ್ಷರಗಳನ್ನು ಕೂಡಿಸಿ ಬರೆಯುತ್ತಾರೆ. ನಿಕಿತಿನನ ಬರಹದಲ್ಲಿ ಅದರ ಸ್ಥಾನದಲ್ಲಿ ಚಕಾರವು ನಿಂತಿದೆ. ಹೀಗೆ ಪ್ರತಿಯೊಂದು ರೂಪವೂ ಕೇಳಿದವನ ಕಿವಿಗೂ ಬರೆದವನ ಲಿಪಿಗೂ ಸಾಕ್ಷಿಯಾಗಿದೆ.

ನಾವಾದರೂ ಪರರ ಹೆಸರುಗಳಿಗೆ ನ್ಯಾಯ ಸಲ್ಲಿಸಿರುವೆವೇ? ರಷ್ಯನ್ ಭಾಷೆಯ ತಕಾರವು ನಮ್ಮ ತಕಾರದಂತೆ ದಂತ್ಯವಾದುದು. ಆದರೂ ಇಂಗ್ಲಿಷಿನ ಮೂಲಕ ಓದುವ ನಾವು 'ನಿಕಿಟಿನ್', 'ಟಾಲ್‌ಸ್ಟಾಯ್' ಎಂದು ಬರೆಯುತ್ತೇವೆ. ಮೂಲಧ್ವನಿಗೆ ತಕ್ಕ ಅಕ್ಷರವು ನಮ್ಮಲ್ಲಿಯೇ ಇರುವಾಗ ಅದನ್ನು ಬಿಟ್ಟು ಮೂರನೆಯ ಲಿಪಿಯ ಕೊರತೆಯನ್ನು ಏಕೆ ಹೊರಬೇಕು?

ಆದುದರಿಂದ ನಮ್ಮ ಸೂಚನೆಗಳು ಎರಡು. ಹೊಸದಾಗಿ ತರುವ ಪರಭಾಷೆಯ ಹೆಸರನ್ನು ಆಯಾ ಭಾಷೆಯ ಉಚ್ಚಾರಣೆಯಂತೆ ಬರೆಯಬೇಕು. 'ಮಾಸ್ಕೋ'ದಂತೆ ರೂಢವಾದುದನ್ನು ಕದಲಿಸಬೇಕಾಗಿಲ್ಲ. ಪ್ರವಾಸಿಗಳ ಗ್ರಂಥಗಳನ್ನು ಅನುವಾದಿಸುವಾಗ ಅವರ ರೂಪಗಳನ್ನು ತಿದ್ದದೆ ಉಳಿಸಿ, ಪಕ್ಕದಲ್ಲಿ ನಮ್ಮ ಹೆಸರನ್ನು ಕೊಡಬೇಕು. 2014ರ ನವೆಂಬರ್ 1ರಂದು ಇಂಗ್ಲಿಷ್ ಬರಹದಲ್ಲಿಯೂ 'ಹಾಸ್ಪೆಟ್' ಹೋಗಿ 'ಹೊಸಪೇಟೆ' ಬಂದಿತು. ಆದರೆ ಹಳೆಯ ದಾಖಲೆಗಳಲ್ಲಿ ಹಳೆಯ ರೂಪವೇ ಇರುವುದು. ಎರಡನ್ನೂ ಬಲ್ಲವನಿಗೆ ಮಾತ್ರ ಆ ದಾಖಲೆಗಳು ದೊರಕುವುವು.